ಮಗಳ ಮಡು

ಕರಡಿಬೆಟ್ಟದ ಬುಡ ಬಳಸಿ ಹರಿಯುವ ಹಳೆಯ ನಾಲೆಯಲ್ಲಿ ಈಗ ರಜೆಗೆ ಬಂದವರನ್ನು ಉದ್ದನೆಯ ದೋಣಿಗಳಲ್ಲಿ ಕರೆದೊಯ್ಯುತ್ತಾರೆ. ಎತ್ತು ದಡದ ಮೇಲೆ ಎಳೆಯುತ್ತದೆ, ಅಂಬಿಗ ಗಳ ಹಾಕುತ್ತಾನೆ. ದೋಣಿ ಉದ್ದ, ನಾಲೆ ಇಕ್ಕಟ್ಟು. ನಡುವೆ ಮುಖ ತಿರುಗಿಸಲು ಎಲ್ಲೂ ಜಾಗವಿಲ್ಲ. ಒಂದು ಕಡೆ ಮಾತ್ರ ಬೆಟ್ಟದ ಬದಿಯ ದಡ ಒಳಸರಿದು ನೀರು ಅಗಲವಾಗಿ ಹರಡಿದೆ. ಅದೇ ಮಗಳ ಮಡು. ಅದನ್ನು ಯಾವ ಅರಸನೂ ತೋಡಿಸಲಿಲ್ಲ, ಹೆಂಡತಿಯ ಕಣ್ಣೀರು ನೋಡಲಾರದೆ ಒಬ್ಬ ಗಂಡ ತೋಡಿದ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ನಾಲೆಯಲ್ಲಿ ಬೆಲ್ಲ ಸಾಗಿಸುವ ಜವರಯ್ಯನೆಂಬ ಅಂಬಿಗನಿದ್ದ. ಅವನು ಗಳ ಹಿಡಿದರೆ, ಹೆಂಡತಿ ದೇವೀರಮ್ಮ ದಡದಲ್ಲಿ ಎತ್ತಿನ ಜೊತೆ ಹಗ್ಗಕ್ಕೆ ಹೆಗಲು ಕೊಡುತ್ತಿದ್ದಳು. ಎಳೆದೂ ಎಳೆದೂ ಅವಳ ಮಂಡಿಗಳು ಕೈಕೊಟ್ಟವು. ನೋವಿಗೆ ನಿದ್ದೆಯೇ ಹತ್ತದು. ಜೊತೆಗೆ ಹೊನ್ನೆಕೊಪ್ಪಲಿನಲ್ಲಿದ್ದ ಮುದಿ ತಾಯಿ ಹೊಂಬಾಳವ್ವನನ್ನು ನೋಡುವ ಹಂಬಲ. ಕೊಯ್ಲಿಗೆಂದು ನಾಲೆಯ ನೀರು ನಿಲ್ಲಿಸುವ ಹಿಂದಿನ ದಿನ, ಜವರಯ್ಯ ಬರಿದಾದ ದೋಣಿಯಲ್ಲಿ ಹುಲ್ಲು ಹಾಸಿ ಹೆಂಡತಿಯನ್ನು ಕೂರಿಸಿದ. "ಎಳೆಯಾಕೆ ಎತ್ತು ಅದೆ. ಒಂದಿನ ನಿಂಗೂ ಬಿಡುವು ಬ್ಯಾಡ್ವೇನಮ್ಮಿ?" ಎಂದ.

ಬೆಟ್ಟದ ನೆರಳಿಗೆ, ದೋಣಿಯ ತೂಗಾಟಕ್ಕೆ ದೇವೀರಮ್ಮನಿಗೆ ಎಷ್ಟೋ ತಿಂಗಳ ಮೇಲೆ ಗಾಢ ನಿದ್ದೆ ಹತ್ತಿತು. ಹೊನ್ನೆಕೊಪ್ಪಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೊಂಬಾಳವ್ವ ಕಾದು ಕೂತಿದ್ದಳು. ಜವರಯ್ಯ ಹೆಂಡತಿಯನ್ನು ಎಬ್ಬಿಸಲು ಬಗ್ಗಿದರೆ, ಮುದುಕಿ ತುಟಿಯ ಮೇಲೆ ಬೆರಳಿಟ್ಟಳು. ದೋಣಿ ನಿಂತರೆ ಮಗಳಿಗೆ ಎಚ್ಚರವಾದೀತೆಂದು, ಮುಂದೆ ಹೋಗು ಎಂದು ಕೈಬೀಸಿದಳು. ಅತ್ತೆಯ ಮಾತು ಮೀರುವ ಧೈರ್ಯ ಜವರಯ್ಯನಿಗೆ ಎಂದೂ ಇರಲಿಲ್ಲ.

ಹರದಾರಿ ದೂರ ಸಾಗಿದ ಮೇಲೆ ದೇವೀರಮ್ಮನಿಗೆ ಎಚ್ಚರವಾಯಿತು. ನಡೆದದ್ದನ್ನು ಕೇಳಿ ಬಿಕ್ಕಿ ಬಿಕ್ಕಿ ಅತ್ತಳು. "ಅವ್ವ ನನ್ ನೋಡುದ್ಲು. ನಾನ್ ಅವ್ವನ್ನ ಯಾವಾಗ್ ನೋಡ್ಲಿ?" ದೋಣಿ ತಿರುಗಿಸಬೇಕಾದರೆ ನಾಲೆಯ ತುದಿಗೇ ಹೋಗಬೇಕು, ನಾಳೆ ನೀರು ನಿಂತರೆ ಅದು ಮಳೆಗಾಲದವರೆಗೂ ಅಲ್ಲೇ ಬಿದ್ದಿರಬೇಕು, ಅಷ್ಟು ದೂರ ನಡೆಯಲು ಇವಳಿಗೆ ಮಂಡಿಯಿಲ್ಲ, ಮುಂದಿನ ಮಳೆಗೆ ಅವ್ವ ಇರುತ್ತಾಳೋ ಇಲ್ಲವೋ. ಜವರಯ್ಯ ದೋಣಿ ನಿಲ್ಲಿಸಿದ. ಅದು ತಿರುಗುವಷ್ಟು ಜಾಗ ತೋಡಲು ಗುದ್ದಲಿ ಹಿಡಿದು ದಡಕ್ಕೆ ಹಾರಿದ. ಗದ್ದೆಯಲ್ಲಿದ್ದವರು ಇವನಿಗೆ ತಲೆ ಕೆಟ್ಟಿದೆಯೆಂದು ನಕ್ಕರು. ಸಂಗತಿ ತಿಳಿದು ತಾವೂ ಮಣ್ಣು ಹೊರುವ ಮಂಕರಿ ಹಿಡಿದು ಬಂದರು. ಹೊತ್ತು ಇಳಿಯುವಷ್ಟರಲ್ಲಿ ದೋಣಿ ಹೊಸ ತೋಡಿಗೆ ಮೂತಿಯಿಟ್ಟು, ಮೆಲ್ಲಗೆ ಸುತ್ತಿ, ತವರಿನ ಕಡೆ ತಿರುಗಿತು.

ಹೊಂಬಾಳವ್ವ ಅದೇ ಕಲ್ಲಿನ ಮೇಲಿದ್ದಳು. ಮಗಳು ಹೋದ ದಿಕ್ಕನ್ನೇ ನೋಡುತ್ತ ಕೂತವಳಿಗೆ ಜೋಂಪು ಹತ್ತಿತ್ತು. ಜವರಯ್ಯ ಕೂಗಲು ಬಾಯಿ ತೆರೆದ. ದೇವೀರಮ್ಮ ತುಟಿಯ ಮೇಲೆ ಬೆರಳಿಟ್ಟಳು. ಕುಂಟುತ್ತ ಇಳಿದು ತಾಯಿಯ ತಲೆಯನ್ನು ಮಡಿಲಿಗೆ ತೆಗೆದುಕೊಂಡು, ಅವಳು ತಾನಾಗಿ ಏಳುವವರೆಗೆ ಆ ಮುಖ ನೋಡುತ್ತ ಕೂತಳಂತೆ.

ಇಂದಿಗೂ ದೋಣಿಗಳು ಮಗಳ ಮಡುವಿನಲ್ಲಿ ತಿರುಗಿ ಹೊನ್ನೆಕೊಪ್ಪಲಿಗೆ ಬರುತ್ತವೆ. ಆ ಕಲ್ಲು ಹತ್ತಿರವಾದಾಗ ಅಂಬಿಗರು ಎತ್ತಿನ ಕೊರಳ ಗಂಟೆ ಬಿಚ್ಚುತ್ತಾರೆ. ಏಕೆಂದು ಪ್ರವಾಸಿಗರು ಕೇಳಿದರೆ, ತುಟಿಯ ಮೇಲೆ ಬೆರಳಿಟ್ಟು ಕಲ್ಲಿನ ಕಡೆ ತೋರಿಸುತ್ತಾರೆ.