ಉಬ್ಬು ಇದ್ದ ಜಾಗ

ಬೈಕುಗಳನ್ನು ಅಟ್ಟಿಸಿಕೊಂಡು ಹೋಗುವುದೇ ಕೆಂಚಿ ಎಂಬ ಬೀದಿನಾಯಿಯ ಘನಂದಾರಿ ಕೆಲಸ. ಮಕ್ಕಳು ಸೈಕಲ್ ಕಲಿಯುವ ಬೀದಿಯೆಂದು ಅಲ್ಲಿನವರು ರಸ್ತೆಗೆ ಅಡ್ಡಲಾಗಿ ಮಣ್ಣಿನ ಉಬ್ಬು ಹಾಕಿದರು. ಬೈಕುಗಳು ತೆವಳತೊಡಗಿದವು. ಕೆಂಚಿಗೆ ಓಟದ ಮಜವೇ ಹೋಯಿತು.

“ಎದ್ದು ಹೋಗಯ್ಯಾ, ಗೂನುಬೆನ್ನ! ಬಂದವರೆಲ್ಲ ನಿನ್ನನ್ನೇ ಬೈಯುತ್ತಾರೆ.”

“ಬೈಯಲಿ ಬಿಡು ಕೆಂಚಕ್ಕ,” ಎಂದಿತು ಉಬ್ಬು. “ಬೈಯುವುದಕ್ಕಾದರೂ ನಿಧಾನ ಮಾಡುತ್ತಾರಲ್ಲ. ನಿನ್ನ ಮರಿಯೂ ಇಲ್ಲೇ ಆಡುತ್ತದೆ.”

ಕೆಂಚಿ ನಕ್ಕು, ನಾಲ್ಕೂ ಕಾಲಲ್ಲಿ ಕೆರೆದು ಉಬ್ಬನ್ನು ನೆಲಸಮ ಮಾಡಿತು. ಮರುದಿನವೇ ಒಂದು ಬೈಕು ಹಾರಿಬಂತು. ಕೆಂಚಿ ಬೊಗಳುತ್ತ ಬೆನ್ನಟ್ಟಿತು. ಹೆದರಿದ ಬೈಕು ಇನ್ನೂ ಜೋರಾಗಿ ಓಡಿ, ಮುಂದೆ ಆಡುತ್ತಿದ್ದ ಮರಿಯ ಮೇಲೇ ಹರಿಯಿತು.

ಈಗ ಕೆಂಚಿ ಯಾರನ್ನೂ ಅಟ್ಟುವುದಿಲ್ಲ. ಉಬ್ಬು ಇದ್ದ ಜಾಗದಲ್ಲೇ ಅಡ್ಡಡ್ಡ ಮಲಗುತ್ತದೆ. ಬಂದವರೆಲ್ಲ ನಿಧಾನ ಮಾಡಿ, ಬೈದು, ಬಳಸಿಕೊಂಡು ಹೋಗುತ್ತಾರೆ.

“ಬೈಯಲಿ ಬಿಡು,” ಎನ್ನುತ್ತದೆ ಕೆಂಚಿ, ತನ್ನ ಕೆಳಗಿನ ಮಣ್ಣಿಗೆ.