ಪಕ್ಕದ ಮಡಿಯ ಹೂವು

"ಬುದ್ಧಿ, ಹಳೆಯದನ್ನು ಕೆಡದ ಹಾಗೆ ಉಳಿಸಿಕೊಳ್ಳುವುದು ಹೇಗೆ?"

ಸಿದ್ದಮಲ್ಲ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಶಿಷ್ಯ ಮಠಕ್ಕೆ ಬಂದು ಹದಿನಾಲ್ಕು ವರ್ಷವಾಗಿತ್ತು. ಅವನ ಕಂಕುಳಲ್ಲಿ ಬಟ್ಟೆಯ ಗಂಟಿತ್ತು. ಗುರುಗಳು ಅದನ್ನು ನೋಡಿದರು.

"ಯಾವ ಹಳೆಯದಪ್ಪ?"

"ಈ ಮಠವೇ ಬುದ್ಧಿ. ನಾನು ಬಂದಾಗ ಬೆಳಗಿನ ಹಾಡು ಎಷ್ಟು ನಿಧಾನವಾಗಿತ್ತು! ಈಗ ಬಂದವರು ಎಂಟು ಜನ, ಎಂಟು ಊರಿನವರು. ಒಬ್ಬೊಬ್ಬರದು ಒಂದೊಂದು ಧಾಟಿ. ಪಂಕ್ತಿಯಲ್ಲಿ ಮಾತು, ನಗು. ಅಂಬಲಿಗೆ ಈರುಳ್ಳಿ ಬೇಕಂತೆ. ನಾನು ಕಂಡ ಮಠ ನನ್ನ ಕಣ್ಣೆದುರಿಗೇ ಕರಗುತ್ತಿದೆ. ಅವರನ್ನು ತಿದ್ದಿ, ಇಲ್ಲವಾದರೆ ನನ್ನನ್ನು ಕಳಿಸಿಕೊಡಿ."

"ಹೋಗುವುದಾದರೆ ಹೋಗು. ಹೋಗುವ ಮುಂಚೆ ಈ ಅವರೆಕಾಯಿ ಬಿಡಿಸಿಕೊಡು. ನಿನ್ನ ಕೈಗೆ ಕೆಲಸವಿರಲಿ, ಕಿವಿಗೆ ನಾನು ಕೆಲಸ ಕೊಡುತ್ತೇನೆ."

ಶಿಷ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ಹೆಸರು ಬೋರಲಿಂಗಯ್ಯ. ಅವನ ಹಳ್ಳಿ ಪೇಟೆಗೆ ಎರಡು ಮೈಲಿ ದೂರದಲ್ಲಿತ್ತು. ಪೇಟೆ ಬೆಳೆಯಿತು. ಒಂದು ದಿನ ಅವನ ರಾಗಿಹೊಲ ಬಡಾವಣೆಯಾಯಿತು, ಇನ್ನೊಂದು ದಿನ ಮನೆಯೂ ಹೋಯಿತು. ಅವನು ಪೇಟೆಯೊಳಗೆ ಒಂದು ಬಾಡಿಗೆ ಮನೆ ಹಿಡಿದ. ಹಳ್ಳಿಯನ್ನು ಬಿಟ್ಟು ಬಂದೆ ಎಂದು ಹೇಳಲೂ ಅವನಿಗೆ ಬಾಯಿರಲಿಲ್ಲ. ಹಳ್ಳಿಯೇ ಅವನನ್ನು ಬಿಟ್ಟು ಹೋಗಿತ್ತು.

ಮನೆ ಕೆಡವುವ ಮುಂಚೆ ಅವನು ಅಡುಗೆಮನೆಯ ಗೋಡೆಯಿಂದ ಒಂದು ಸಗಣಿಯ ಬಿಲ್ಲೆಯನ್ನು ಕಿತ್ತು ತಂದಿದ್ದ. ಅದು ಅವನ ಅವ್ವ ತಟ್ಟಿದ್ದು. ಆ ಕಡೆಯ ಹೆಂಗಸರು ಬೀಜ ಉಳಿಸುತ್ತಿದ್ದುದೇ ಹಾಗೆ. ಒಳ್ಳೆಯ ಹಣ್ಣಿನ ಬೀಜವನ್ನು ಸಗಣಿಯಲ್ಲಿ ಕಲಸಿ, ಗೋಡೆಗೆ ತಟ್ಟಿ, ಮುಂದಿನ ಮಳೆಯವರೆಗೆ ಮರೆತುಬಿಡುತ್ತಿದ್ದರು. ಈ ಬಿಲ್ಲೆಯಲ್ಲಿ ಇದ್ದದ್ದು ಕೆಕ್ಕರಿಕೆಯ ಬೀಜ. ನೀನು ಕೆಕ್ಕರಿಕೆ ತಿಂದಿದ್ದೀಯೋ ಇಲ್ಲವೋ ಕಾಣೆ. ರಾಗಿಹೊಲದ ಅಂಚಿನಲ್ಲಿ ಹಬ್ಬುತ್ತಿತ್ತು. ಮಾಗಿದರೆ ತಾನಾಗಿಯೇ ಬಿರಿಯುತ್ತಿತ್ತು. ಒಂದು ಹಣ್ಣು ತಂದಿಟ್ಟರೆ ಇಡೀ ಮನೆ ಘಮ್ಮೆನ್ನುತ್ತಿತ್ತು. ಬೆಲ್ಲ ಉದುರಿಸಿಕೊಂಡು ತಿನ್ನುತ್ತಿದ್ದೆವು. ನನಗೆ ಅದನ್ನು ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಸನ್ಯಾಸಿಗೆ ಇದು ತಕ್ಕದ್ದಲ್ಲ, ಇರಲಿ.

ಆ ಪೇಟೆಯ ಪುರಸಭೆಯವರು ಒಂದು ಕೈತೋಟದ ಯೋಜನೆ ತಂದರು. ಬಸ್ ಡಿಪೋದ ಹಿಂದೆ ಕಸ ಸುರಿಯುತ್ತಿದ್ದ ಬಯಲನ್ನು ಹಸನು ಮಾಡಿಸಿದರು. ಅದನ್ನು ನಲವತ್ತು ಮಡಿಗಳಾಗಿ ಹಂಚಿದರು. ನೀರು ಕೊಟ್ಟರು, ಗೊಬ್ಬರ ಕೊಟ್ಟರು. ಪ್ರತಿ ಗುರುವಾರ ಶಶಿರೇಖಾ ಎಂಬ ತೋಟಗಾರಿಕೆಯ ಮೇಡಂ ಬಂದು ಹೇಳಿಕೊಡುತ್ತಿದ್ದರು. ಆಟೋ ಓಡಿಸುವವರು, ಬಟ್ಟೆ ಹೊಲಿಯುವವರು, ಮಣ್ಣು ಮುಟ್ಟಿ ಇಪ್ಪತ್ತು ವರ್ಷವಾದವರು, ಎಲ್ಲರೂ ಬಂದು ಒಂದೊಂದು ಮಡಿ ತೆಗೆದುಕೊಂಡರು. ಮೇಡಂ ಪೊಟ್ಟಣದ ಬೀಜ ಹಂಚಿದರೂ ಜನ ಬಿತ್ತಿದ್ದು ಸೆರಗಿನ ತುದಿಯಲ್ಲಿ, ಡಬ್ಬಿಯ ತಳದಲ್ಲಿ ಇಟ್ಟುಕೊಂಡು ಬಂದಿದ್ದ ಬೀಜವನ್ನೇ. ಎಲ್ಲರಿಗೂ ತಂತಮ್ಮ ಊರು ಬೇಕಾಗಿತ್ತು.

ರೈತ ಬಿಲ್ಲೆಯ ಅರ್ಧ ಮುರಿದು ಬಿತ್ತಿದ. ಬಳ್ಳಿ ಹಬ್ಬಿತು. ಹಣ್ಣು ಬಿರಿಯಿತು. ಅವನು ಮಡಿಯ ಬದುವಿನ ಮೇಲೆ ಕುಳಿತು ಮೊದಲ ಹೋಳನ್ನು ಬಾಯಿಗಿಟ್ಟು ಎಲ್ಲರೆದುರಿಗೇ ಅತ್ತ. ಅದೇ ಹಣ್ಣು. ಕಾಲ ಕೆಳಗೆ ಇದ್ದದ್ದು ಡಿಪೋದ ಹಿಂದಿನ ಬಯಲಾದರೂ, ಅವನು ಅವ್ವನ ಅಡುಗೆಮನೆಯಲ್ಲಿ ಕುಳಿತಿದ್ದ.

ಆ ಹಣ್ಣಿನ ಬೀಜವನ್ನೇ ಎತ್ತಿಟ್ಟುಕೊಂಡು ಎರಡನೆಯ ವರ್ಷ ಬಿತ್ತಿದ. ಈ ಸಲ ಹಣ್ಣು ಬಿರಿಯಲಿಲ್ಲ. ಸಿಪ್ಪೆಯ ಮೇಲೆ ಹಸಿರು ಪಟ್ಟೆ ಬಂದಿತ್ತು. ಕೊಯ್ದರೆ ಗಟ್ಟಿ. ಮೂಗಿಗೆ ಹಿಡಿದರೆ ಏನೂ ಇಲ್ಲ. ಸಿಟ್ಟಿನಿಂದ ಅಷ್ಟನ್ನೂ ಒಯ್ದು ಮಂಚದ ಕೆಳಗೆ ಎಸೆದ.

ಗುರುವಾರ ಮೇಡಂ ಬಂದು ಬಳ್ಳಿ ನೋಡಿ ಹೇಳಿದರು: "ಪಕ್ಕದ ಮಡಿಯಲ್ಲಿ ಮಂಗಳೂರು ಸೌತೆ ಇದೆಯಲ್ಲ ಬೋರಲಿಂಗಯ್ಯನವರೇ. ಅದೂ ಇದೂ ಒಂದೇ ವಂಶ. ಜೇನು ಆ ಹೂವಿನಿಂದ ಈ ಹೂವಿಗೆ ಬರುತ್ತದೆ. ಬೀಜ ಬೆರೆತುಹೋಗಿದೆ."

"ಅಂಗಾರೆ ನಮ್ಮವ್ವನ್ ಹಣ್ಣು ಹೊಂಟೋಯ್ತಾ ಮೇಡಂ?"

"ಬಿಲ್ಲೆ ಇನ್ನೂ ಅರ್ಧ ಇದೆ ಎಂದಿದ್ದಿರಲ್ಲ. ಅದನ್ನು ಬಿತ್ತಿ, ಬಳ್ಳಿಗೆ ಬಲೆ ಹೊದಿಸಿ. ಆದರೆ ಹೂವಿಗೆ ಹೂವು ನೀವೇ ಕೈಯಿಂದ ಮುಟ್ಟಿಸಬೇಕು."

ಮೂರನೆಯ ವರ್ಷ ಅವನು ಉಳಿದ ಬಿಲ್ಲೆಯಲ್ಲಿ ಒಂದು ಚೂರು ಎತ್ತಿಟ್ಟು ಮಿಕ್ಕದ್ದನ್ನು ಬಿತ್ತಿ, ಮನೆಯ ಸೊಳ್ಳೆಪರದೆಯನ್ನು ತಂದು ಬಳ್ಳಿಯ ಮೇಲೆ ಕಟ್ಟಿದ. ಆಟೋದವರು ಬಂದು, ಬಳ್ಳಿಗೆ ಮಲೇರಿಯಾ ಬಂದೀತೆಂದು ಹೆದರಿಕೆಯೇ ಎಂದು ಕೇಳಿದರು. ಅವನು ನಗಲಿಲ್ಲ. ನೇಗಿಲು ಹಿಡಿದ ಬೆರಳುಗಳು ಅವು, ಹೂವಿನ ಎಸಳಿಗೆ ತೀರ ಒರಟಾದವು. ಮುಟ್ಟಿಸಿದ ಹೂವೆಲ್ಲ ಮುರಿಯಿತು. ಎಳೆಗಾಯಿಗಳು ಹಳದಿಯಾಗಿ ಒಂದೊಂದಾಗಿ ಉದುರಿದವು. ಆ ವರ್ಷ ಒಂದು ಹಣ್ಣೂ ಆಗಲಿಲ್ಲ. ಎತ್ತಿಟ್ಟ ಬಿಲ್ಲೆಯ ಚೂರನ್ನು ಪುಡಿಮಾಡಿ ಹುಡುಕಿದಾಗ ಸಿಕ್ಕಿದ್ದು ಏಳು ಬೀಜ.

ಏಳೇ ಏಳು. ಅವು ಕೆಟ್ಟರೆ ಅವ್ವನ ಹಣ್ಣು ಈ ಭೂಮಿಯ ಮೇಲೆ ಇನ್ನೆಲ್ಲಿಯೂ ಇಲ್ಲ.

ಅವನು ಮೇಡಂ ಬಳಿಗೆ ಹೋಗಿ, ತೋಟದಲ್ಲಿ ಇನ್ನು ಮುಂದೆ ಯಾರೂ ಸೌತೆ ಹಾಕಬಾರದು ಎಂದು ನಿಯಮ ಮಾಡಿ ಎಂದ. ಮೇಡಂ ಒಲ್ಲೆ ಎನ್ನಲಿಲ್ಲ. "ಸೌತೆ ಹಾಕುವುದು ಪಕ್ಕದ ಮಡಿಯವರೊಬ್ಬರೇ. ಅವರು ಒಪ್ಪಿ ಸಹಿ ಹಾಕಿದರೆ ಆಗಬಹುದು" ಎಂದರು. ಅವನು ಒಂದು ಹಾಳೆ ಬರೆಸಿಕೊಂಡು, ಮಡಿಸಿ ಜೇಬಿನಲ್ಲಿಟ್ಟುಕೊಂಡು ಪಕ್ಕದ ಮಡಿಯವಳ ಮನೆಗೆ ಹೊರಟ.

ಅವಳ ಹೆಸರು ವಾರಿಜಾ. ಕರಾವಳಿಯವಳು. ಗಂಡನ ಹೋಟೆಲ್ ಕೆಲಸಕ್ಕಾಗಿ ಘಟ್ಟ ಹತ್ತಿ ಬಂದವಳು. ಮೂರು ವರ್ಷ ಪಕ್ಕಪಕ್ಕದಲ್ಲಿ ಮಣ್ಣು ಕೆದಕಿದರೂ ಅವರಿಬ್ಬರ ನಡುವೆ ನೀರಿನ ಸರದಿಯ ಮಾತು ಬಿಟ್ಟರೆ ಬೇರೆ ಮಾತಾಗಿರಲಿಲ್ಲ.

ಅವಳು ಬಾಗಿಲು ತೆರೆದಳು. ರೈತ ಹೊಸ್ತಿಲಲ್ಲೇ ನಿಂತುಬಿಟ್ಟ.

ಒಳಗಿನಿಂದ ಅವ್ವನ ಮನೆಯ ವಾಸನೆ ಬಂದಿತು. ಮಾಗಿದ ಕೆಕ್ಕರಿಕೆಯ ವಾಸನೆ. ಎರಡು ವರ್ಷ ಕಾದು, ಪರದೆ ಕಟ್ಟಿಯೂ ಅವನಿಗೆ ಸಿಗದ ವಾಸನೆ.

ಅಡುಗೆಮನೆಯ ಸೂರಿನ ಬಿದಿರ ಗಳುವಿಗೆ ಬಾಳೆನಾರಿನಿಂದ ಕಟ್ಟಿ ಆರೇಳು ಸೌತೆಕಾಯಿ ತೂಗುಹಾಕಿದ್ದಳು. ಎಲ್ಲವೂ ಬಿರಿದಿದ್ದವು. ಕೆಳಗೆ ತಟ್ಟೆ ಇಟ್ಟಿದ್ದಳು. ಅದರೊಳಕ್ಕೆ ರಸ ತೊಟ್ಟಿಕ್ಕುತ್ತಿತ್ತು.

"ಇದೇನವ್ವ ಇದು?" ಎಂದ.

"ಎಂತದು ಅಂತ ನಿಮಗೇ ಗೊತ್ತುಂಟಲ್ಲ ಮಾರಾಯ್ರೆ" ಎಂದಳು ವಾರಿಜಾ. "ನಮ್ಮ ಅಮ್ಮ ಬೇಸಿಗೆಯಲ್ಲಿ ಕೊಯ್ದು ಅಟ್ಟಕ್ಕೆ ಕಟ್ಟಿದರೆ ಸೌತೆ ಮಳೆಗಾಲ ಮುಗಿಯುವವರೆಗೆ ಹಾಗೇ ಇರ್ತಿತ್ತು. ಹೊರಗೆ ಮಳೆ, ತರಕಾರಿ ಎಂತದೂ ಇಲ್ಲ, ಆಗ ಒಂದು ಇಳಿಸಿ ಹುಳಿ ಮಾಡುದು. ಆ ಬೀಜವನ್ನೇ ನಾನು ತಂದದ್ದು. ಮೊದಲನೇ ವರ್ಷ ಸರಿ ಇತ್ತು. ಈಗ ಕಟ್ಟಿ ಹದಿನೈದು ದಿನ ಆಗ್ಲಿಕ್ಕಿಲ್ಲ, ಹೀಗೆ ಒಡೀತದೆ. ಹುಳಿಗೆ ಹಾಕಿದರೆ ಪಾಯಸದ ಪರಿಮಳ. ನಿಮ್ಮ ಹೂವಿಂದ ಅಂತ ಮೇಡಂ ನನಗೂ ಹೇಳಿದ್ದಾರೆ."

"ನಂಗ್ಯಾಕೆ ಒಂದ್ ಮಾತು ಹೇಳ್ನಿಲ್ಲ ನೀವು?"

"ನೀವು ಹಣ್ಣು ತಿಂದು ಅತ್ತದ್ದನ್ನು ನಾನು ನೋಡಿದ್ದೆ" ಎಂದಳು ಅವಳು. "ಮತ್ತೆ ಹೇಗೆ ಹೇಳುದು?"

ರೈತ ಜೇಬಿಗೆ ಹಾಕಿದ ಕೈಯನ್ನು ಬರಿದಾಗಿಯೇ ಹೊರಗೆ ತೆಗೆದ. ಅವನಿಗೆ ನಾಚಿಕೆಯಾಯಿತು. ಎರಡು ವರ್ಷ ಅವನು ತನ್ನ ಮನೆ ಕಳವಾಯಿತೆಂದು ಬೊಬ್ಬೆ ಹಾಕಿದ್ದ. ಆ ಎರಡು ವರ್ಷವೂ ಅವಳ ಮನೆಯಲ್ಲಿ ಅವನ ಹಣ್ಣು ಬಿರಿಯುತ್ತಿತ್ತು, ಅವಳ ಅಮ್ಮನ ಅಟ್ಟ ಖಾಲಿಯಾಗುತ್ತಿತ್ತು.

"ಒಂಚೂರು ಬೆಲ್ಲ ಇದ್ದದವ್ವ?" ಎಂದ.

ಅವಳು ಬೆಲ್ಲ ತಂದಳು. ಅವನು ಒಂದು ಸೌತೆಯನ್ನು ಇಳಿಸಿ, ಹೋಳು ಮಾಡಿ, ಬೆಲ್ಲ ಉದುರಿಸಿ ಅವಳ ಮುಂದಿಟ್ಟ. ಅವಳು ಅದನ್ನು ಹಣ್ಣೆಂದು ತಿಂದದ್ದು ಅದೇ ಮೊದಲು. ಚೆನ್ನಾಗಿದೆ ಎಂದಳು. ಅವನಿಗೆ ಅದು ಅವ್ವನ ಹಣ್ಣಿಗಿಂತ ಒಂದಿಷ್ಟು ಸಪ್ಪೆ ಎನಿಸಿತು. ಆದರೂ ಎರಡು ಹೋಳು ಹೆಚ್ಚಾಗಿಯೇ ತಿಂದ.

ಮನೆಗೆ ಬಂದವನು ಮಂಚದ ಕೆಳಗೆ ಬಗ್ಗಿ ನೋಡಿದ. ಹಿಂದಿನ ವರ್ಷ ಸಿಟ್ಟಿನಿಂದ ಎಸೆದಿದ್ದ ಕಾಯಿಗಳಲ್ಲಿ ಮೂರು ಇನ್ನೂ ಅಲ್ಲೇ ಇದ್ದವು. ವರ್ಷ ತುಂಬುತ್ತ ಬಂದಿದ್ದರೂ ಕೊಳೆತಿರಲಿಲ್ಲ, ಒಡೆದಿರಲಿಲ್ಲ. ಬಟ್ಟೆಯಿಂದ ಧೂಳು ಒರೆಸಿ, ಮಾರನೆಯ ಬೆಳಿಗ್ಗೆ ಅವಳ ಮನೆಗೆ ಕೊಟ್ಟು ಬಂದ. ಅವಳು ಒಂದು ಕಾಯಿಗೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಳು. ಆಮೇಲೆ ಒಳಗೆ ಹೋಗಿ ಬಾಳೆನಾರು ತಂದು ಅದನ್ನು ಕಟ್ಟತೊಡಗಿದಳು. ಅವಳ ಕಣ್ಣು ತುಂಬಿತ್ತು. ಅದರ ಹುಳಿ ಅವಳ ಅಮ್ಮನ ಹುಳಿಯಂತೆಯೇ ಆಯಿತೆಂದು ನಾನು ಸುಳ್ಳು ಹೇಳುವುದಿಲ್ಲ. ಸ್ವಲ್ಪ ಸಿಹಿಯಾಯಿತಂತೆ.

ಮುಂದಿನ ಮಳೆಗೆ ರೈತ ಆ ಏಳು ಬೀಜಗಳನ್ನು ಎರಡು ಮಡಿಗಳ ನಡುವಿನ ಬದುವಿನ ಮೇಲೆ ಊರಿದ. ಪರದೆ ಕಟ್ಟಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಿದ್ದಮಲ್ಲನ ಕೈ ಎಂದೋ ನಿಂತಿತ್ತು.

"ಆ ಏಳು ಬೀಜ ಏನಾದವು ಬುದ್ಧಿ? ಅವ್ವನ ಹಣ್ಣು ಉಳಿಯಿತೇ?"

"ಆ ವರ್ಷ ಬಂತು. ಎಲ್ಲರೂ ತಿಂದರು. ಮರುವರ್ಷದ್ದನ್ನು ನಾನು ವಿಚಾರಿಸಲಿಲ್ಲ."

"ಹಾಗಾದರೆ ನನ್ನ ಹಳೆಯ ಮಠ ಹೋದರೆ ಹೋಗಲಿ ಎನ್ನುತ್ತೀರಾ? ನೆನೆದರೆ ಸಂಕಟವಾಗುತ್ತದೆ."

"ಸಂಕಟವಾಗುತ್ತದೆ ಸಿದ್ದಮಲ್ಲ. ನನಗೂ ಆಗುತ್ತದೆ. ಆಗಬಾರದೆಂದು ನಾನು ಯಾವತ್ತೂ ಹೇಳಿಲ್ಲ."

ಒಳಗೆ ಹೊಸಬರು ಯಾವುದಕ್ಕೋ ಜೋರಾಗಿ ನಕ್ಕರು. ಶಿಷ್ಯನ ಮುಖ ಬಿಗಿಯಿತು. ಗುರುಗಳು ಇನ್ನೊಂದು ಅವರೆಕಾಯಿ ಎತ್ತಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು:

"ನೀನು ಬಂದ ವರ್ಷ ಮೂವರು ಹಿರಿಯರು ಈ ಮಠ ಬಿಟ್ಟು ಹೋದರು, ಯಾಕೆಂದು ನೀನು ಇವತ್ತಿನವರೆಗೂ ಕೇಳಿಲ್ಲ."