ನಾಳೆಕೆರೆಗೆ ಆ ಹೆಸರು ಬಂದದ್ದು

ಕರೇಕಲ್ಲಹಟ್ಟಿಯಿಂದ ಮೂಡಲಿಗೆ ಬಂಡಿದಾರಿ ಹಿಡಿದು ಹೋದರೆ, ಜಾಲಿಯ ಮೆಳೆ ದಾಟಿದೊಡನೆ ಉದ್ದನೆಯ ಒಂದು ಮಣ್ಣಿನ ಏರಿ ಎದುರಾಗುತ್ತದೆ. ಎರಡು ಗುಡ್ಡಗಳ ನಡುವೆ ಹಾಸಿ ಮಲಗಿರುವ ಈ ಏರಿಯ ಮೇಲೆ ಕುರಿಗಳು ಮೇಯುತ್ತವೆ. ಏರಿ ಗಟ್ಟಿಮುಟ್ಟಾಗಿದೆ, ಕಲ್ಲುಕಟ್ಟಣೆ ಇಂದಿಗೂ ಅಲುಗಿಲ್ಲ. ಆದರೆ ಹಳ್ಳ ಹರಿಯುವ ಜಾಗದಲ್ಲೇ, ಒಬ್ಬಾಳು ಕೈಚಾಚಿ ನಿಲ್ಲುವಷ್ಟು ಅಗಲದ ಒಂದು ಕಂಡಿ ಬಾಯಿ ತೆರೆದುಕೊಂಡಿದೆ. ಮಳೆಗಾಲದಲ್ಲಿ ಬಂದ ನೀರೆಲ್ಲ ಒಂದು ಗಳಿಗೆ ನಿಂತಂತೆ ಮಾಡಿ ಆ ಕಂಡಿಯಿಂದ ಹೊರಟುಹೋಗುತ್ತದೆ. ಕಂಡಿಯ ಎದುರಿಗೆ ಕೂತು ಕೂತು ನುಣುಪಾದ ಒಂದು ಚಪ್ಪಟೆ ಬಂಡೆಯಿದೆ. ಈ ಕೆರೆಯ ಹೆಸರು ನಾಳೆಕೆರೆ. ಹೊರಗಿನವರು ಹೆಸರು ಕೇಳಿ ನಗುತ್ತಾರೆ. ನೀರು ನಾಳೆ ಬರುತ್ತದೆಂದು ಊರವರು ಕಾಯುತ್ತಿದ್ದಾರೇನೋ ಎಂದು ಚೇಷ್ಟೆ ಮಾಡುತ್ತಾರೆ. ನಗಲಿ ಪಾಪ, ಅವರಿಗೇನು ಗೊತ್ತು! ಹಟ್ಟಿಯ ಹಿರಿಯರು ಮಾತ್ರ ಈ ಹೆಸರನ್ನು ತುಸು ತಗ್ಗಿದ ದನಿಯಲ್ಲೇ ಹೇಳುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಗೆ ಪಾಳೆಯಗಾರರ ಆಳ್ವಿಕೆ ಇದ್ದ ಕಾಲದಲ್ಲಿ, ಕಾಟಪ್ಪಗೌಡನೆಂಬ ಹಿರಿಯ ಈ ಕೆರೆ ಕಟ್ಟಿಸಲು ಕೈ ಹಾಕಿದನಂತೆ. ಆ ಕಾಲದ ಮಣ್ಣುಕೆಲಸಕ್ಕೆ ಒಂದು ಪದ್ಧತಿ ಇತ್ತು. ಗುಂಡಿಯಿಂದ ಏರಿಯವರೆಗೆ ಆಳುಗಳು ಸಾಲಾಗಿ ನಿಂತು, ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಎಲ್ಲರ ಕೈಯೂ ಒಂದೇ ಹದದಲ್ಲಿ ಆಡಬೇಕಲ್ಲ, ಅದಕ್ಕಾಗಿ ಎದುರಿಗೆ ಒಬ್ಬ ಕಥೆಗಾರನನ್ನು ಕೂರಿಸುತ್ತಿದ್ದರು. ಅವನು ಒಂದು ಮಾತು ಹೇಳಬೇಕು, ಸಾಲೆಲ್ಲ 'ಹ್ಞೂಂ' ಎನ್ನಬೇಕು; ಹ್ಞೂಂ ಎಂದೊಡನೆ ಬುಟ್ಟಿ ಮುಂದಕ್ಕೆ ಹೋಗಬೇಕು. ಹ್ಞೂಂಗುಟ್ಟದಿದ್ದರೆ ಕಥೆ ಮುಂದೆ ಹೋಗುವಂತಿಲ್ಲ, ಕಥೆ ನಿಂತರೆ ಬುಟ್ಟಿಯೂ ನಿಂತಿತು. ಈ ಕಟ್ಟಳೆಯನ್ನು ಯಾವ ಕಥೆಗಾರನೂ ಮೀರುತ್ತಿರಲಿಲ್ಲ. ನಾಳೆಕೆರೆಯ ಕೆಲಸಕ್ಕೆ ಬಂದ ಕಥೆಗಾರ ಓಬಳಜ್ಜ. ಅವನು ಬಾಯಿ ತೆರೆದರೆ ಹಸಿದವರಿಗೆ ಹಸಿವು ಮರೆಯುತ್ತಿತ್ತು, ಎತ್ತಿದ ಬುಟ್ಟಿಯ ಭಾರ ತಿಳಿಯುತ್ತಿರಲಿಲ್ಲ ಎನ್ನುತ್ತಾರೆ.

ಆದರೆ ಓಬಳಜ್ಜನ ಕಥೆಯಿಂದಲೇ ಗೌಡನಿಗೆ ಒಂದು ತಾಪತ್ರಯವೂ ಶುರುವಾಯಿತು. ಒಂದೊಂದು ಕಥೆ ಮುಗಿದ ದಿನವೂ ಹತ್ತಾರು ಆಳುಗಳು 'ಕೇಳುವುದನ್ನು ಕೇಳಿಯಾಯಿತು' ಎಂದು ಬುಟ್ಟಿ ಬಿಸಾಕಿ, ಕೂಲಿಗೆ ಹೆಚ್ಚು ರಾಗಿ ಅಳೆಯುತ್ತಿದ್ದ ಪಾಳೆಯಗಾರರ ಕೋಟೆ ಕೆಲಸಕ್ಕೆ ನಡೆದುಬಿಡುತ್ತಿದ್ದರು. ಮುಂಗಾರು ಹತ್ತಿರವಾಗುತ್ತಿತ್ತು. ಏರಿ ಎರಡೂ ಕಡೆಯಿಂದ ಬೆಳೆದು ಬಂದು, ಹಳ್ಳದ ಬಾಯಿ ಮಾತ್ರ ಉಳಿದಿತ್ತು. ಗೌಡ ಅಜ್ಜನ ಬಳಿ ಬಂದು, "ಇನ್ನು ಕಥೆ ಮುಗಿಸಬ್ಯಾಡ ಮಾರಾಯ. ಏರಿ ಮುಚ್ಚೋ ತನಕ ಹಂಗೇ ಎಳಿ. ಊರು ನಿನ್ನ ಹೆಸರು ಹೇಳಿ ನೀರು ಕುಡೀತದೆ," ಎಂದ. ಮುದುಕ ಉಬ್ಬಿಹೋದ. ಊರಿಗೆ ಉಪಕಾರ, ತನಗೆ ಹೆಸರು; ಬೇಡವೆನ್ನಲು ಅವನೇನು ಸನ್ಯಾಸಿಯೇ? ಅಂದೇ ಹೊಸ ಕಥೆ ಹೂಡಿದ. ದೂರದ ಸೀಮೆಗೆ ಕೊಟ್ಟ ಹೆಣ್ಣುಮಗಳೊಬ್ಬಳು ಹೆತ್ತವ್ವನನ್ನು ನೋಡಬೇಕೆಂದು ಒಬ್ಬಳೇ ತವರಿಗೆ ಹೊರಡುವ ಕಥೆ ಅದು.

ಸಾಲಿನ ಕೊನೆಯಲ್ಲಿ, ಹಳ್ಳದ ಬಾಯಿಗೆ ಮಣ್ಣು ಸುರಿಯುವ ಜಾಗದಲ್ಲಿ ನಿಲ್ಲುತ್ತಿದ್ದವಳು ಬೋರಕ್ಕ. ಗಂಡ ಸತ್ತ ಮೇಲೆ ಹೊಟ್ಟೆಪಾಡಿಗೆ ದೂರದಿಂದ ಬಂದು ಸೇರಿದ ಹೆಂಗಸು. ಅವಳ ಹ್ಞೂಂ ಎಲ್ಲರದಕ್ಕಿಂತ ಗಟ್ಟಿ, ಎಲ್ಲರದಕ್ಕಿಂತ ಮುಂಚೆ. ಅವಳ ದನಿ ಕೇಳಿದರೆ ಅಜ್ಜನ ನಾಲಿಗೆಗೂ ಬಿಸಿ ಏರುತ್ತಿತ್ತು. ಯುಗಾದಿಗೆ ತವರಿಗೆ ಹೋಗುತ್ತೇನೆಂದು ಬುತ್ತಿ ಕಟ್ಟಿಟ್ಟವಳು, ಈ ಕಥೆ ಶುರುವಾದದ್ದೇ ನಿಂತುಬಿಟ್ಟಳು. ಪ್ರತಿ ಸಂಜೆ ಬುಟ್ಟಿ ಬೋರಲು ಹಾಕಿ, ಅಜ್ಜ ಕೂರುವ ಬಂಡೆಯ ಬಳಿ ಬರುತ್ತಿದ್ದಳು. "ಯಜ್ಜಾ, ಆ ಹುಡುಗಿ ತವರು ಮುಟ್ತಾಳಾ ಇಲ್ವಾ? ಅಷ್ಟು ಹೇಳಿಬಿಡು. ಕೇಳಿದ ಮರುದಿನವೇ ನಾನೂ ಹೊರಡ್ತೀನಿ. ನಮ್ಮವ್ವಗೆ ಕಣ್ಣು ಮಂಜಾಗ್ಯಾವಂತೆ." ಓಬಳಜ್ಜ ಎಲೆಯಡಿಕೆ ಮೆಲ್ಲುತ್ತ, "ನಾಳೆ ಕಣವ್ವಾ, ನಾಳೆ," ಎನ್ನುತ್ತಿದ್ದ. ಮರುದಿನ ಆ ಹುಡುಗಿಯ ದಾರಿಗೆ ಒಂದು ಹೊಳೆ ಅಡ್ಡ ಬರುತ್ತಿತ್ತು. ಹೊಳೆ ದಾಟಿದರೆ ಹುಲಿ. ಹುಲಿ ತಪ್ಪಿದರೆ, ದಾರಿ ತಪ್ಪಿಸುವ ಒಬ್ಬ ಮುದುಕಿ.

ಬೋರಕ್ಕನಿಗೆ ಚಳಿಜ್ವರ ಹಿಡಿದದ್ದು ಅಜ್ಜನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಏನು, ಅವಳ ಹ್ಞೂಂ ದಿನದಿನಕ್ಕೆ ಸಣ್ಣಗಾಗುತ್ತಿದ್ದುದನ್ನು ಅವನಷ್ಟು ಚೆನ್ನಾಗಿ ಕೇಳಿದವರು ಯಾರು? 'ಇವತ್ತು ಮುಗಿಸಿ ಕಳಿಸಿಬಿಡಲೇ' ಎಂದು ಅವನ ಜೀವ ಒಂದೆರಡು ಸಲ ಹೊಯ್ದಾಡಿತು. ಆದರೆ ಅವಳು ಹೋದರೆ ಸಾಲು ಸಡಿಲವಾಗುತ್ತದೆ, ಏರಿ ಅರ್ಧಕ್ಕೇ ಉಳಿಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಷ್ಟೇ ಅಲ್ಲ, ಸಂಜೆ ಸಂಜೆ ಒಬ್ಬರು ಬಂದು ಬೇಡಿಕೊಳ್ಳುವುದು ಅವನಿಗೆ ಹಿತವಾಗಿತ್ತು. ಅಯ್ಯೋ, ಮನುಷ್ಯನ ಬುದ್ಧಿಯೇ!

ಒಂದು ಬೆಳಿಗ್ಗೆ ಅಜ್ಜ ಮಾತು ಹೇಳಿದಾಗ ಸಾಲಿನ ಕೊನೆಯಿಂದ ಹ್ಞೂಂ ಬರಲಿಲ್ಲ. ಬುಟ್ಟಿಗಳು ನಿಂತವು. ಬೋರಕ್ಕ ಗುಡಿಸಲಿನಿಂದ ಎದ್ದಿಲ್ಲ, ಕಣ್ಣು ಮೇಲೆ ಮಾಡುತ್ತಿದ್ದಾಳೆ ಎಂದು ಯಾರೋ ಹೇಳಿದರು. ಓಬಳಜ್ಜ ಕೋಲು ಬಿಟ್ಟು ಓಡಿದ. ಅವಳ ತಲೆಯ ಬಳಿ ಕೂತು, "ತಾಯೀ, ಕೇಳು, ಈಗಲೇ ಮುಗಿಸ್ತೀನಿ," ಎಂದ. 'ಮುಟ್ಟಿದಳು' ಎಂಬ ಒಂದೇ ಮಾತು ಸಾಕಾಗಿತ್ತು. ಆದರೆ ಜೀವಮಾನವೆಲ್ಲ ಕಥೆ ಹೇಳಿದವನಿಗೆ ಕೊನೆಯನ್ನು ಮೊದಲು ಹೇಳಿ ಅಭ್ಯಾಸವಿಲ್ಲ. ನಿಲ್ಲಿಸಿದ್ದಲ್ಲಿಂದಲೇ ಎತ್ತಿಕೊಂಡ. ಹುಡುಗಿ ಮುದುಕಿಯ ಕೈ ತಪ್ಪಿಸಿಕೊಂಡಳು ಎಂದ. ಬೋರಕ್ಕ ಹ್ಞೂಂ ಎಂದಳು. ಗುಡ್ಡ ಹತ್ತಿದಳು ಎಂದ, ಹ್ಞೂಂ ಎಂದಳು. ಗುಡ್ಡದ ಮೇಲೆ ನಿಂತು ನೋಡಿದರೆ ತವರುಮನೆಯ ಬೇವಿನ ಮರ ಕಾಣಿಸಿತು ಎಂದ. ಹ್ಞೂಂಗೆಂದು ಕಾದ. ಕಟ್ಟಳೆ ನೋಡಿ, ಹ್ಞೂಂ ಬಾರದೆ ಮುಂದಿನ ಮಾತು ಅವನ ನಾಲಿಗೆಗೆ ಬಾರದು. ಕಾಯುತ್ತಲೇ ಇದ್ದ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಬೋರಕ್ಕನ ಕಣ್ಣು ಮುಚ್ಚಿ, "ಸಾಕು ಬಿಡಜ್ಜ, ಕೇಳೋರಿಲ್ಲ," ಎಂದಳು.

ಮರುದಿನ ಗೌಡ ಆಳುಗಳನ್ನು ಮತ್ತೆ ಸಾಲಿಗೆ ನಿಲ್ಲಿಸಲು ನೋಡಿದ. ಬೋರಕ್ಕ ನಿಲ್ಲುತ್ತಿದ್ದ ಜಾಗಕ್ಕೆ ಯಾರೂ ಕಾಲಿಡಲಿಲ್ಲ. ಓಬಳಜ್ಜ ಬಂಡೆಯ ಮೇಲೆ ಕೂತಿದ್ದ, ಕಥೆ ಎತ್ತಲಿಲ್ಲ. "ಏನಾದರೂ ಹೇಳೋ," ಎಂದು ಗೌಡ ಗದರಿದ, ಗೋಗರೆದ. ಮುದುಕ ತಲೆಯೆತ್ತದೆ, "ನಾಳೆ ನಾಳೆ ಅಂತ ಒಂದು ಹೆಣ್ಣುಜೀವ ತಿಂದೆ ನಾನು, ಗೌಡ. ನನಗಿನ್ನು ಕಥೆ ಇಲ್ಲ," ಎಂದನಂತೆ. ಮಳೆ ಬಂತು, ಆಳುಗಳು ಚದುರಿದರು, ಹಳ್ಳದ ಬಾಯಿ ಹಾಗೆಯೇ ಉಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆಮೇಲೆ ಹಲವರು ಕಂಡಿ ಮುಚ್ಚಲು ನೋಡಿದರು, ಒಂದು ಮಳೆಗಾಲವೂ ಮಣ್ಣು ನಿಲ್ಲಲಿಲ್ಲ ಎನ್ನುತ್ತಾರೆ. ಅಜ್ಜ ಸಾಯುವವರೆಗೂ ಆ ಬಂಡೆಯ ಮೇಲೆ ಕೂತು ಕಂಡಿಯ ಕಡೆ ನೋಡುತ್ತಿದ್ದ. ಒಮ್ಮೊಮ್ಮೆ ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಹೊಲಕ್ಕೆ ಹೋಗುವವರು ಅವನನ್ನು ನೋಡಿ ಕೆರೆಯನ್ನು ನಾಳೆಕೆರೆ ಎನ್ನತೊಡಗಿದರು.

ಕರೇಕಲ್ಲಹಟ್ಟಿಯಲ್ಲಿ ಇಂದಿಗೂ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ 'ನಾಳೆ ಹೇಳುತ್ತೇನೆ' ಎನ್ನುವವರಿಲ್ಲ. ಮಗು ಎಷ್ಟೇ ತೂಕಡಿಸಲಿ, ಕೊನೆಯ ಮಾತು ಅದರ ಕಿವಿಗೆ ಹಾಕಿಯೇ ಮಲಗಿಸುತ್ತಾರೆ. ಕೆರೆ ನೋಡಲು ಹೋದವರಿಗೆ ಕಂಡಿಯ ಬಾಯಲ್ಲಿ ಹಿಡಿ ಹಿಡಿ ಮಣ್ಣಿನ ಸಣ್ಣ ಗುಪ್ಪೆಗಳು ಕಾಣುತ್ತವೆ. ತವರಿಗೆ ಹೊರಟ ಹೆಣ್ಣುಮಕ್ಕಳು ಅಲ್ಲಿ ನಿಂತು, ಒಂದು ಹಿಡಿ ಮಣ್ಣು ಹಾಕಿ, "ಮುಟ್ಟಿದಳು ಕಣೆ ಬೋರಕ್ಕಾ," ಎನ್ನುತ್ತಾರೆ. ಜೊತೆಗೆ ಬಂದವರು ಹ್ಞೂಂ ಎನ್ನಬೇಕು. ಹ್ಞೂಂ ಬಾರದೆ ಅಲ್ಲಿಂದ ಹೆಜ್ಜೆ ಕೀಳುವಂತಿಲ್ಲ. ಒಂಟಿಯಾಗಿ ಬಂದವಳು ಮಣ್ಣು ಕೈಯಲ್ಲೇ ಹಿಡಿದುಕೊಂಡು, ಓಬಳಜ್ಜನ ಬಂಡೆಯ ಮೇಲೆ ಕೂತು, ದಾರಿಯಲ್ಲಿ ಇನ್ನೊಬ್ಬರು ಬರುವುದನ್ನು ಕಾಯುತ್ತಾಳೆ.